ಬೋರ್‌ವೆಲ್ ಸದ್ದಿನಲ್ಲಿ ಇಂಗ್ಲಿಷ್ ಪಾಠ

ಗೌಡಗೆರೆ ಕಡೆ ಒಂದು ಹೊಲದಲ್ಲಿ ಬೋರ್ ಕೊರೆಯುತ್ತಿದ್ದೆವು. ನಮಗೆ ಬುತ್ತಿ ತಂದ ಹೊಲದವರ ಮನೆಯ ಸೊಸೆ ವಾಪಸ್ ಹೋಗಲೇ ಇಲ್ಲ. ಕಿವಿ ಗಡಚಿಕ್ಕುವ ಮಿಷನ್ನಿನ ಪಕ್ಕದಲ್ಲೇ ಪುಸ್ತಕ ಹಿಡಿದು ನಿಂತು ಏನೋ ಕೂಗುತ್ತಿದ್ದಳು.

"ಯಾರನ್ನಮ್ಮ ಬೈತಿದ್ದೀಯಾ?" ಅಂತ ಹತ್ತಿರ ಹೋಗಿ ಕೇಳಿದೆ.

"ಇಂಗ್ಲಿಷ್ ಕಣಣ್ಣಾ!" ಅಂತ ಕಿರುಚಿದಳು. "ನಾಳೆ ಸಿರಾದಾಗೆ ಒಂದು ಸ್ಕೂಲಲ್ಲಿ ಮೇಡಂ ಕೆಲಸಕ್ಕೆ ಓದಿಸಿ ನೋಡ್ತಾರೆ. ಇದ್ರಲ್ಲಿ ಬರೆದಿರೋ ಅಕ್ಷರನೆಲ್ಲ ಅನ್ನಂಗಿಲ್ಲ. ನೈಫ್‌ಗೆ ಮುಂದೆ ಕೆ ಐತೆ, ಅದು ಬಾಯಿಗೆ ಬರಬಾರದು. ಗಟ್ಟಿಯಾಗಿ ಹೇಳಿ ಹೇಳಿನೇ ರೂಢಿ ಆಗ್ಬೇಕು. ಮನೇಲಿ ಮಾವನೋರ ಮುಂದೆ ದನಿ ಎತ್ತಂಗಿಲ್ವಲ್ಲ. ಇಲ್ಲಾದ್ರೆ ಈ ಸದ್ದಲ್ಲಿ ಯಾರಿಗೂ ಕೇಳ್ಸಲ್ಲ."

ಅವಳು ಮತ್ತೆ ಓದಲು ಶುರು ಮಾಡಿದಳು. ಅಷ್ಟರಲ್ಲಿ ರಾಡ್ ಜೋಡಿಸೋಕೆ ಅಂತ ನಮ್ಮವನು ಮಿಷನ್ ನಿಲ್ಲಿಸಿದ. 'ನೈಫ್' ಅನ್ನುವ ಕೂಗು ಇಡೀ ಹೊಲಕ್ಕೆ ಕೇಳಿತು. ಬದುವಿನ ಮೇಲೆ ಅವಳ ಮಾವ ನಿಂತಿದ್ದರು. ಅವಳು ಸೆರಗೆಳೆದುಕೊಂಡು ತಲೆ ತಗ್ಗಿಸಿದಳು. ಇನ್ನು ಇವಳು ನಾಳೆ ಸಿರಾಕ್ಕೆ ಹೋದ ಹಾಗೇ ಇದೆ ಅಂದುಕೊಂಡೆ.

ಮಾವ ಅವಳ ಕಡೆ ನೋಡಲಿಲ್ಲ. ನನ್ನನ್ನೇ ಗದರಿದರು: "ಯಾಕ್ಲಾ ನಿಲ್ಲಿಸ್ಬುಟ್ರಿ? ಬೇಗ ಹಾಕ್ರಲಾ ಮಿಷನ್ನು. ಮಗೀನ ಓದು ನಿಂತೋಯ್ತು."

ಊರೂರಲ್ಲೂ ಸದ್ದು ಮಾಡ್ತೀರಿ ಅಂತ ಬೈಸಿಕೊಂಡಿದ್ದೇನೆ. ಸದ್ದು ನಿಲ್ಲಿಸಿದ್ದಕ್ಕೆ ಬೈಸಿಕೊಂಡಿದ್ದು ಅಲ್ಲೊಂದೇ ಕಡೆ.