ಸೈಕಲ್ಲಿನಿಂದ ಇಳಿಯದ ಸಾಕಮ್ಮ

ರಾಯಕೋಟೆ ಕಡೆಯ ಆ ಹಳ್ಳಿಯಲ್ಲಿ ಕೇರಿಯ ಗಂಡಸರು ಮೇಲಿನ ಬೀದಿ ಬಂದ ಕೂಡಲೇ ಸೈಕಲ್ಲಿನಿಂದ ಇಳಿದು, ಚಪ್ಪಲಿ ಕೈಗೆತ್ತಿಕೊಂಡು, ತಳ್ಳಿಕೊಂಡೇ ಹೋಗಬೇಕಿತ್ತು. ಹೊಸೂರಿನ ಕಾರ್ಖಾನೆ ಸೇರಿ ಸೈಕಲ್ ಕೊಂಡ ಮೇಲೂ ಕೊಂಡಪ್ಪ ಹಾಗೇ ಇಳಿಯುತ್ತಿದ್ದ. ಮಗಳು ಸಾಕಮ್ಮ "ಯಾಕಪ್ಪಾ?" ಅಂದರೆ, "ಇಳೀಬೇಕು ಕಣಮ್ಮೀ, ಅಷ್ಟೇ" ಅನ್ನುತ್ತಿದ್ದ. ಆ 'ಅಷ್ಟೇ' ಮಾತ್ರ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

1978ರ ಮಳೆಗಾಲದಲ್ಲಿ ಕೊಂಡಪ್ಪನ ಕಾಲಿಗೆ ಗುದ್ದಲಿ ಏಟು ಬಿತ್ತು. ಗಾಯ ಕೀವಾಗಿ ಊದಿಕೊಂಡಿತು. ರಾಯಕೋಟೆಯ ಆಸ್ಪತ್ರೆಗೆ ಹೋಗದಿದ್ದರೆ ಕಾಲು ಉಳಿಯುವಂತಿರಲಿಲ್ಲ. ಗಾಡಿ ಕೊಡುವವರಿರಲಿಲ್ಲ. ಗುಡ್ಡದ ಹಿಂದೆ ಕದ್ದು ಸೈಕಲ್ ಕಲಿತಿದ್ದ ಹದಿನಾಲ್ಕರ ಸಾಕಮ್ಮ ಅಪ್ಪನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟಳು.

ಮೇಲಿನ ಬೀದಿ ಬಂತು. "ನಿಲ್ಸಮ್ಮೀ, ಇಳೀತೀನಿ" ಎಂದ ಕೊಂಡಪ್ಪ.

"ಕೆಸರಿಗೆ ಕಾಲಿಟ್ರೆ ಕಾಲೇ ಹೋಯ್ತದೆ. ಸುಮ್ಕೆ ಕೂತ್ಕೋ."

ಅರಳಿಕಟ್ಟೆಯಿಂದ ಊರ ಯಜಮಾನ ಹನುಮಂತರಾಯಪ್ಪ ಎದ್ದು ಬಂದು ಹ್ಯಾಂಡಲ್ ಹಿಡಿದ. "ಏನ್ಲಾ ಕೊಂಡ, ಮದ್ವೆ ಮೆರವಣಿಗೆನಾ? ಇಳೀಲಾ ಕೆಳಕ್ಕೆ!"

"ಕಟ್ಳೆ ಏನು ಗೌಡ್ರೇ?" ಸಾಕಮ್ಮ ಕೇಳಿದಳು.

"ನಿಮ್ ಗಂಡಸ್ರು ಇಲ್ಲಿ ಸೈಕಲ್ ತುಳೀಬಾರ್ದು."

"ನಮ್ಮಪ್ಪ ತುಳೀತಾ ಇಲ್ವಲ್ಲ, ನಾನು ತುಳೀತಿರೋದು. ಹೆಂಗಸ್ರಿಗೆ ಯಾವತ್ತು ಸಾರ್ಸಿದ್ರಿ?"

ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು. ಹೆಂಗಸು ಸೈಕಲ್ ಹತ್ತಿಯಾಳೆಂದು ಊರು ಎಂದೂ ಎಣಿಸಿರಲಿಲ್ಲ. ತಮಟೆ ಹೊಡೆದು ಸಾರದೆ ಅಲ್ಲಿ ಯಾವ ಕಟ್ಟಳೆಯೂ ಕಟ್ಟಳೆಯಲ್ಲ. ಸಾರುವವನು ಸಾಕಮ್ಮನ ಸೋದರಮಾವ ಆವುಲಪ್ಪ. ಅವತ್ತಿನ ಪಂಚಾಯ್ತಿ ಸಾರಲೆಂದು ಕಟ್ಟೆಯ ಕೆಳಗೇ ತಮಟೆ ಕಾಯಿಸುತ್ತಿದ್ದ.

"ಲೇ ಆವುಲ, ಈಗ್ಲೇ ಸಾರ್ಲಾ! ಹೆಂಗಸ್ರೂ ಇಳೀಬೇಕು ಅಂತ."

ಆವುಲಪ್ಪ ಭಾವನ ಕಾಲು ನೋಡಿದ. ಅಕ್ಕನ ಮಗಳ ಮುಖ ನೋಡಿದ. ಎದ್ದು ಹೋಗಿ ತಮಟೆಯನ್ನು ಕಟ್ಟೆಯ ಮೇಲೆ, ಕೂತವರ ನಡುವೆಯೇ ಇಟ್ಟ.

"ಕಾಯ್ಸಿದ್ದೀನಿ ಸ್ವಾಮಿ. ನೀವೇ ಹೊಡ್ಕಳಿ."

ಕೇರಿಯವರ ತಮಟೆ, ಅದೂ ಚರ್ಮದ್ದು, ಮುಟ್ಟಿದರೆ ಮೈಲಿಗೆ! ಕೂತಿದ್ದವರು ಪಂಚೆ ಎತ್ತಿಕೊಂಡು ಅತ್ತಿತ್ತ ಸರಿದರೇ ಹೊರತು ಒಬ್ಬನೂ ಕೈ ಚಾಚಲಿಲ್ಲ.

"ಸಾರೋ ತಂಕ ನಾವು ಹೋಯ್ತಿರ್ತೀವಿ" ಎಂದು ಸಾಕಮ್ಮ ಗೌಡನ ಕೈಯಿಂದ ಹ್ಯಾಂಡಲ್ ಬಿಡಿಸಿಕೊಂಡು ತುಳಿದಳು. ಹಿಂದಿನಿಂದ ಬಂದ ಕಲ್ಲೊಂದು ಕೊಂಡಪ್ಪನ ಬೆನ್ನಿಗೆ ಬಿತ್ತು. ಅವನು ಇಳಿಯಲಿಲ್ಲ. ಕಾಲು ಉಳಿಯಿತು.

ಸಾಕಮ್ಮ ಆ ಸೀಮೆಯ ಕೇರಿಗಳಿಂದ ಕಪ್ಪು ಕೋಟು ತೊಟ್ಟ ಮೊದಲ ಹೆಣ್ಣು. 1988ರಲ್ಲಿ ಕೃಷ್ಣಗಿರಿಯ ಕೋರ್ಟಿನಲ್ಲಿ ಅವಳು ಹಿಡಿದ ಮೊದಲ ಕೇಸೇ ಅಂಥ ಇನ್ನೊಂದು ಹಳ್ಳಿಯ ಬೀದಿಯದು. "ಈ ಕಟ್ಟಳೆ ಮಾಡಿದವರು ಯಾರು?" ಎಂದು ಅವಳು ಕೇಳುವುದನ್ನು ನೋಡಲು ಕೊಂಡಪ್ಪನೂ ಬಂದಿದ್ದ. ಮೇಲಿನ ಬೀದಿಯುದ್ದಕ್ಕೂ ಸೈಕಲ್ ತುಳಿದು, ಬಸ್ಸು ಹಿಡಿದು ಬಂದಿದ್ದ. ಚಪ್ಪಲಿ ಕಾಲಲ್ಲೇ ಇತ್ತು.