ಸ್ಪಿರಿಟ್ ಅಕ್ಕ ಕಂಡ ಕೆಂಪು

ಕಾಲೇಜಿನ ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಹೆಂಗಸಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಸ್ಪಿರಿಟ್ ಅಕ್ಕ. ಎಲೆಗಳನ್ನು ಸ್ಪಿರಿಟ್‌ನಲ್ಲಿ ನೆನೆಸಿ, ಬೀಕರನ್ನು ಬಿಸಿನೀರಿನಲ್ಲಿ ಇಳಿಸಿ, ಹಸಿರು ತೆಗೆದುಕೊಡುವುದೂ ಅವಳದೇ ಕೆಲಸ. ಎಲೆ ಬಿಳಚಿಕೊಂಡ ಮೇಲೆ ರಸ ಸೋಸಿ, ಕಂದು ಸೀಸೆಗೆ ತುಂಬಿ, ಕಪಾಟಿನಲ್ಲಿಟ್ಟರೆ ಮುಗಿಯಿತು. ಇಪ್ಪತ್ತೆರಡು ವರ್ಷದಲ್ಲಿ ಇದೆಲ್ಲ ಏಕೆಂದು ಅವಳು ಕೇಳಿರಲಿಲ್ಲ, ಯಾರೂ ಹೇಳಿರಲೂ ಇಲ್ಲ.

ಆ ಸೋಮವಾರ ತುಂಬುವ ಮೊದಲೇ ಖಾಲಿ ಕಂದು ಸೀಸೆ ಕೈಜಾರಿ ಒಡೆಯಿತು. ಹೊಸದಾಗಿ ಬಂದಿದ್ದ ಮೇಡಂ ರಸ ಗಟ್ಟಿಯಾಗಿರಲಿ ಎಂದಿದ್ದರು. ಅಕ್ಕ ಆ ರಸವನ್ನು ಬಣ್ಣವಿಲ್ಲದ ಗಾಜಿನ ಸೀಸೆಗೆ ಸುರಿದು ಕಿಟಕಿಯ ಬಿಸಿಲಿನಲ್ಲಿಟ್ಟಳು. ಪಕ್ಕದಿಂದ ನೋಡುತ್ತಾಳೆ, ಹಸಿರು ರಸ ರಕ್ತದ ಹಾಗೆ ಕೆಂಪಗಿದೆ! ಎತ್ತಿ ಕಿಟಕಿಗೆ ಅಡ್ಡ ಹಿಡಿದರೆ ಮತ್ತೆ ಹಸಿರು.

ಕೆಟ್ಟುಹೋಯಿತೆಂದು ಚೆಲ್ಲಿ, ಹೊಸ ಎಲೆ ತಂದು ಮತ್ತೆ ಮಾಡಿದಳು. ಅದೂ ಕೆಂಪು. ಮೂರನೆಯ ಸಲ ಸೀಸೆಯನ್ನು ಉಜ್ಜಿ ಉಜ್ಜಿ ತೊಳೆದಳು. ಜಪ್ಪಯ್ಯ ಅಂದರೂ ಕೆಂಪು ಹೋಗಲಿಲ್ಲ. ಕೊನೆಗೆ ಮೇಡಂ ಮುಂದೆ ನಿಂತಳು.

"ಮೇಡಂ, ಬೈಬೇಡಿ. ಎಲ್ಲೋ ಎಡವಟ್ಟಾಗಿದೆ."

ಮೇಡಂ ಸೀಸೆ ನೋಡಿ ನಕ್ಕುಬಿಟ್ಟರು. "ಎಡವಟ್ಟೇನಿಲ್ಲ ಅಕ್ಕ, ಕೂತ್ಕೊಳ್ಳಿ. ಎಲೆ ಒಳಗೆ ಈ ಹಸಿರಿನ ಕಣಗಳು ಒತ್ತೊತ್ತಾಗಿ ನಿಂತಿರ್ತವೆ. ಒಂದಕ್ಕೆ ಬೆಳಕು ತಾಗಿದ್ರೆ ಆ ಶಕ್ತೀನ ಪಕ್ಕದ್ದಕ್ಕೆ ಕೊಡುತ್ತೆ, ಅದು ಇನ್ನೊಂದಕ್ಕೆ..."

ಅಕ್ಕನ ಗಂಡ ಗಾರೆ ಕೆಲಸದವನು. "ಇಟ್ಟಿಗೆ ದಾಟಿಸ್ತಾರಲ್ಲ, ಹಾಗಾ?"

"ಅದೇ! ಕೊನೇಲಿ ನಿಂತಿರೋ ಕಣ ಆ ಶಕ್ತೀನ ಕೆಲಸಕ್ಕೆ ಹಚ್ಚುತ್ತೆ. ಅದರ ಬಲದಿಂದ ಗಿಡ ನೀರನ್ನ ಒಡೆಯುತ್ತೆ, ಆಮೇಲೆ ಗಾಳಿ ಸೇರಿಸಿ ಸಕ್ಕರೆ ಮಾಡ್ಕೊಳ್ಳುತ್ತೆ."

"ನಾನು ಸ್ಪಿರಿಟ್ ಹಾಕಿ ಸಾಲನ್ನೇ ಮುರಿದುಬಿಟ್ಟೆ."

"ಹೌದು. ಬೆಳಕನ್ನ ಈಗಲೂ ಹಿಡೀತವೆ, ಆದ್ರೆ ಇಸ್ಕೊಳ್ಳೋರಿಲ್ಲ. ಅದಕ್ಕೇ ಒಂದಷ್ಟು ಕೆಂಪು ಬೆಳಕಾಗಿ ಹೊರಗೆ ಬೀಳುತ್ತೆ. ನಾಳೆ ತರಗತಿಗೆ ಇದನ್ನ ನೀವೇ ಹೇಳಿ."

"ಅಯ್ಯೋ, ನಾನಾ? ನನ್ನ ಓದು ಏಳನೇ ಕ್ಲಾಸಿಗೇ ನಿಂತಿದೆ ಮೇಡಂ!"

"ಇಟ್ಟಿಗೆ ಮಾತು ನನಗೆ ಹೊಳೆದಿರಲಿಲ್ಲವಲ್ಲ."

ಮರುದಿನ ಅಕ್ಕ ಮೇಜಿನ ಹತ್ತಿರ, ಮೇಡಂ ನಿಂತು ಪಾಠ ಹೇಳುವ ಬದಿಗೆ ಬಂದು ನಿಂತಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಮಾತು ಬಿಟ್ಟು ಸೀಸೆಯನ್ನು ಬಿಸಿಲಿನಲ್ಲಿಟ್ಟು ಪಕ್ಕದಿಂದ ತೋರಿಸಿದಳು. ಕೆಂಪು ಕಂಡದ್ದೇ ತಡ, ನಕ್ಕವರೇ ಮೊದಲು ಎದ್ದು ಬಂದರು. ಆಮೇಲೆ ಮಾತು ತಾನಾಗಿ ಬಂತು. ನಾಲ್ಕು ಮಂದಿಯನ್ನು ಸಾಲಾಗಿ ನಿಲ್ಲಿಸಿ ಡಸ್ಟರ್ ದಾಟಿಸಿಯೇ ತೋರಿಸಿದಳು.

"ಅಂಗಳದಲ್ಲಿ ನೇರಳೆ ಬಣ್ಣದ ಎಲೆಯ ಗಿಡ ಇದೆಯಲ್ಲ ಅಕ್ಕ, ಅದು ಬೆಳಕನ್ನ ಹೇಗೆ ಹಿಡಿಯುತ್ತೆ?" ಎಂದಳು ಒಬ್ಬ ಹುಡುಗಿ.

ಅಕ್ಕ ಮೇಡಂ ಕಡೆ ನೋಡಿದಳು. ಮೇಡಂ ಬೇಕೆಂದೇ ಕಿಟಕಿಯಾಚೆ ನೋಡುತ್ತಿದ್ದರು.

"ಗೊತ್ತಿಲ್ಲಮ್ಮ," ಎಂದಳು ಅಕ್ಕ. "ಬೇಯಿಸಿ ನೋಡಿಬಿಡೋಣ."

ಅಂಗಳದ ಕುಂಡದಿಂದ ಎರಡು ಎಲೆ ಕಿತ್ತು ತಂದು ಕುದಿಯುವ ನೀರಿಗೆ ಹಾಕಿದಳು. ಎಲ್ಲರೂ ಪಾತ್ರೆಯ ಸುತ್ತ ಬಾಗಿದರು. ನೇರಳೆ ಬಣ್ಣ ಮೆಲ್ಲಗೆ ನೀರಿಗಿಳಿಯಿತು. ಎಲೆ ಅಚ್ಚ ಹಸಿರಾಗಿ ಮೇಲೆ ತೇಲಿತು.

"ಹಸಿರು ಒಳಗೊಳಗೇ ಇತ್ತು ನೋಡು, ಕಳ್ಳಿ!" ಎಂದು ಅಕ್ಕ ಇಕ್ಕಳದಿಂದ ಎಲೆ ಎತ್ತಿ ಹುಡುಗಿಯ ಕೈಗೆ ಕೊಟ್ಟಳು.