ಬಾಟಲಿಗೆ ತುಟಿ ತಾಗಿಸದ ಸವಾರ

ಗೆಳೆಯರೇ, ಇವತ್ತು ನನ್ನ ಮುಖಕ್ಕೆ ನೀರು ಹಾರಿಸಿದ್ದು ಧರಣಿಗಳಲ್ಲಿ ಹಾರಿಸುವ ಪೊಲೀಸರಲ್ಲ, ನಮ್ಮ ಸುಹಾಸ. ಡಬ್ಲಿನ್ ಪಕ್ಕದ ಆಡಮ್ಸ್‌ಟೌನ್‌ನ ಈ ಸಾಫ್ಟ್‌ವೇರ್ ಹುಡುಗನೂ ನಾನೂ ನಿರಾಶ್ರಿತ ಮಕ್ಕಳ ಊಟಕ್ಕೆ ಹಣ ಕೂಡಿಸಲು ಡಬ್ಲಿನ್‌ನಿಂದ ಗಾಲ್ವೇಗೆ ಸೈಕಲ್ ತುಳಿಯುತ್ತಿದ್ದೇವೆ. ಅವನ ಬಾಟಲಿ ಬೆಳಿಗ್ಗೆಯೇ ದಾರಿ ಪಕ್ಕದ ಕಾಲುವೆಗೆ ಬಿತ್ತು. ಅಥ್ಲೋನ್ ಊರು ತಲುಪುವವರೆಗೆ ಇಬ್ಬರಿಗೂ ನನ್ನ ಬಾಟಲಿಯೊಂದೇ ಗತಿ.

ಮುಂದಿದ್ದ ಮಹಾಶಯ ಸೈಕಲ್ ತುಳಿಯುತ್ತಲೇ ಅದನ್ನು ಎತ್ತಿ ಕುಡಿಯಲು ಹೊರಟ. ತುಟಿಗೆ ತಾಗಿಸುವಂತಿಲ್ಲವಲ್ಲ! ಎದುರುಗಾಳಿಗೆ ನೀರೆಲ್ಲ ಹಿಂದಿದ್ದ ನನ್ನ ಕನ್ನಡಕದ ಮೇಲೆ.

"ನಿಲ್ಸೋ! ಕಚ್ಚಿ ಕುಡಿಯಕ್ಕೆ ಏನೋ ರೋಗ ನಿಂಗೆ?"

"ಎಂಜಲಾಗುತ್ತಲ್ಲಕ್ಕಾ. ಅಜ್ಜಿ ಹಂಗೇ ಕಲ್ಸಿದ್ದು."

"ಅದೇ ಅಜ್ಜಿ ಕೆಲಸದೋಳಿಗೆ ಬೇರೆ ಲೋಟ ಇಟ್ಟಿದ್ರು ಅಲ್ವೇನೋ?"

ಅವನ ಕಿವಿ ಕೆಂಪಾಯಿತು.

ಇಷ್ಟು ಸಿಕ್ಕಿದರೆ ನಾನು ಬಿಡುವವಳೇ? ಕಾಲುವೆ ದಂಡೆಯಲ್ಲೇ ಸಭೆ ಶುರು ಮಾಡಿದೆ. ಹೋಟೆಲಿನ ಲೋಟಗಳ ಜಾತಿಯಿಂದ ಹಿಡಿದು ದಲಿತರು ಕೆರೆ ನೀರಿಗಾಗಿ ನಡೆಸಿದ ಹೋರಾಟದವರೆಗೆ ಗಂಟಲು ಹರಿಯುವಂತೆ ಹೇಳಿದೆ. ನಾಯಿ ಹಿಡಿದು ಬರುತ್ತಿದ್ದ ಐರಿಶ್ ಅಜ್ಜನೊಬ್ಬ ಗಾಬರಿಯಾಗಿ "ಆರ್ ಯೂ ಗ್ರ್ಯಾಂಡ್?" ಎಂದು, ಅಂದರೆ ಕ್ಷೇಮವಾಗಿದ್ದೀಯಾ ಎಂದು, ಸುಹಾಸನನ್ನೇ ಕೇಳಿ ಮುಂದೆ ಹೋದ.

"ನೀವು ಹೇಳೋದು ಸರಿ ಅಕ್ಕಾ" ಎಂದವನೇ ಹುಡುಗ ಬಾಟಲಿಯನ್ನು ಬಾಯಿಗೆ ಕಚ್ಚಿಕೊಂಡ. ಕಣ್ಣು ಮುಚ್ಚಿ, ಗಟಗಟನೆ, ಕೊನೆಯ ಹನಿಯವರೆಗೂ ಕುಡಿದ.

"ಹಿಂಗೇ ಸುಲಭ ಐತಲ್ಲಕ್ಕಾ!" ಎಂದು ಖಾಲಿ ಬಾಟಲಿಯನ್ನು ನನ್ನ ಕೈಗಿಟ್ಟ.

ಕ್ರಾಂತಿಯೇನೋ ಆಯಿತು ಗೆಳೆಯರೇ. ನನಗೆ ನೀರು ಸಿಕ್ಕಿದ್ದು ಮಾತ್ರ ಅಥ್ಲೋನ್‌ನಲ್ಲೇ.